ಅಧ್ಯಕ್ಷರು ದಯಮಾಡಿ ಒಳಗೇ ಇರಬೇಕು

ಬೀಗದ ಕಂಪನಿಯ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆಗಿರುವ, ಎರಡೂ ಹುದ್ದೆಗಳ ಸಂಬಳವನ್ನು ಒಬ್ಬರೇ ಹೊರುವ ಶ್ರಮ ವಹಿಸಿಕೊಂಡಿರುವ ಮಹನೀಯರ ಸಮ್ಮುಖಕ್ಕೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ವಾರ್ಷಿಕ ವರದಿಯಲ್ಲಿ ತಮ್ಮ ಕಾಲ ಬಳಿ ಕುಳಿತು ಬಣ್ಣದ ಫೋಟೊ ತೆಗೆಸಿಕೊಂಡಿರುವ ಆ ಎರಡು ದೊಡ್ಡ ನಾಯಿಗಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮೊನ್ನೆ ವಾರ್ಷಿಕ ಸಭೆಯ ದಿನ ತಾವು ಗಾಳಿಯಾಡದ ಕೋಣೆಯೊಳಗೆ ಬಹಳ ಹೊತ್ತು ಇರಬೇಕಾಗಿ ಬಂದದ್ದರಿಂದ ತಲೆನೋವೋ ನೆಗಡಿಯೋ ಆಗಿದ್ದರೆ ಅದು ಆದಷ್ಟು ಬೇಗ ವಾಸಿಯಾಗಲಿ ಎಂದು ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ. ಪತ್ರದ ಕೊನೆಯಲ್ಲಿ ತಾವು ಮತ್ತೆ ಅದೇ ಕೋಣೆಗೆ ಹೋಗಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುವವನಿದ್ದೇನೆ.

ಮೊದಲು ನನ್ನ ಪರಿಚಯ. ನಾನು ತಮ್ಮ ಕಂಪನಿಯ ಒಬ್ಬ ಸಣ್ಣ ಷೇರುದಾರ. ಎಷ್ಟು ಸಣ್ಣವನೆಂದರೆ, ಕಂಪನಿಯನ್ನು ಹೋಳು ಮಾಡಿ ಎಲ್ಲರಿಗೂ ಹಂಚಿದರೆ ನನ್ನ ಪಾಲಿಗೆ ಪ್ರಧಾನ ಕಚೇರಿಯ ಒಂದು ಬಾಗಿಲ ಹಿಡಿಕೆ ಬಂದೀತು. ಅದೂ ಹೊರಗಿನ ಹಿಡಿಕೆಯೇ ಆಗಬೇಕು, ಏಕೆಂದರೆ ಒಳಗಿನದು ಈಗಾಗಲೇ ತಮ್ಮ ಕೈಗೆ ಬಂದಿದೆ. ವೃತ್ತಿಯಿಂದ ನಾನು ಟೈಪಿಂಗ್ ಮೇಷ್ಟ್ರು. ಟೈಪ್‌ರೈಟರುಗಳ ಕಾಲ ಮುಗಿಯುವವರೆಗೂ ಒಂದು ಟೈಪಿಂಗ್ ಶಾಲೆ ನಡೆಸಿದೆ. ನಾನು ಕಲಿಸುತ್ತಿದ್ದ ಮಾದರಿ ಪತ್ರಗಳಲ್ಲಿ ದೂರಿನ ಪತ್ರವೆಂದರೆ ನನಗೆ ವಿಶೇಷ ಪ್ರೀತಿ. ಸಿಟ್ಟು ಬಂದಷ್ಟೂ ಮರ್ಯಾದೆ ಜಾಸ್ತಿ ಹಾಕಬೇಕು, ಓದುವವರಿಗೆ ಇವನು ಮುಂದೇನು ಮಾಡುತ್ತಾನೋ ಎಂದು ದಿಗಿಲಾಗಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಆ ಪಾಠವನ್ನು ಇಂದು ತಮ್ಮ ಮೇಲೆ ಪ್ರಯೋಗಿಸುತ್ತಿರುವುದಕ್ಕೆ ಕ್ಷಮೆಯಿರಲಿ.

ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿದೆ. ಖಾಸಗಿಯಾಗಿ ಬರೆದ ನನ್ನ ಎಲ್ಲ ಪತ್ರಗಳಿಗೂ ತಮ್ಮ ಕಚೇರಿಯಿಂದ ತಪ್ಪದೆ ಒಂದೇ ಉತ್ತರ ಬಂದಿದೆ: 'ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಮೊದಮೊದಲು ಅದನ್ನು ಓದಿ ಹಿಗ್ಗುತ್ತಿದ್ದೆ. ಅಮೂಲ್ಯ ಎಂದರೆ ಬೆಲೆಯೇ ಇಲ್ಲದ್ದು ಎಂದೂ ಅರ್ಥ ಮಾಡಬಹುದಲ್ಲ ಎಂದು ಆಮೇಲೆ ಹೊಳೆಯಿತು. ತಮ್ಮ ಷೇರು ಈಗ ಇರುವ ಸ್ಥಿತಿಯಲ್ಲಿ ಅದೂ ಅಮೂಲ್ಯವೇ.

ತಮ್ಮ ಕಂಪನಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ತಮ್ಮ ತಂದೆಯವರ ಕಾಲದ ಒಂದು ಹಿತ್ತಾಳೆ ಬೀಗದಿಂದ. ಅಂಗೈ ತುಂಬುವಂಥ ಬೀಗ. ಟೈಪಿಂಗ್ ಶಾಲೆಯ ಬಾಗಿಲಿಗೆ ಅದನ್ನು ಹಾಕಿ ಕೀಲಿ ತಿರುಗಿಸಿದರೆ ಕಟಕ್ ಎಂದು ಎಂಥ ಸದ್ದು ಬರುತ್ತಿತ್ತೆಂದರೆ, ಪಕ್ಕದ ಅಂಗಡಿಯ ದರ್ಜಿ ಗಡಿಯಾರ ನೋಡುವುದನ್ನೇ ಬಿಟ್ಟು, ಆ ಸದ್ದು ಕೇಳಿದ ಮೇಲೆ ಕತ್ತರಿ ಕೆಳಗಿಡುತ್ತಿದ್ದ. ಒಮ್ಮೆ ಕಳ್ಳರು ಬಂದರು. ಬೀಗದೊಂದಿಗೆ ಹೆಣಗಾಡಿ, ಸೋತು, ಕೊನೆಗೆ ಬಾಗಿಲಿನ ಕೀಲುಗಳನ್ನು ಕಳಚಿ ಇನ್ನೊಂದು ಬದಿಯಿಂದ ಒಳಗೆ ನುಗ್ಗಿದರು. ಟೈಪ್‌ರೈಟರು ಎತ್ತಿ ನೋಡಿದವರು ಸೊಂಟ ಹಿಡಿದುಕೊಂಡು ಬರಿಗೈಯಲ್ಲೇ ಹೊರಟುಹೋದರು. ಬೆಳಗ್ಗೆ ನಾನು ಹೋದಾಗ ಬಾಗಿಲು ಬೀಗವೊಂದನ್ನೇ ಆಧಾರ ಮಾಡಿಕೊಂಡು ನೇತಾಡುತ್ತಿತ್ತು, ಬೀಗ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು. ಇಂಥ ಬೀಗ ಮಾಡುವವರ ಕೈಗೆ ನನ್ನ ದುಡ್ಡು ಕೊಟ್ಟರೆ ಅದು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು, ಶಾಲೆ ಮುಚ್ಚಿದಾಗ ಬಂದ ಹಣವನ್ನೆಲ್ಲ ತಮ್ಮ ಷೇರಿಗೆ ಹಾಕಿದೆ.

ಅಷ್ಟಕ್ಕೆ ಸುಮ್ಮನಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಅದೇ ವರ್ಷ ನನ್ನ ಒಬ್ಬಳೇ ಮಗಳ ಮದುವೆಯಾಯಿತು. ಅಳಿಯನ ತಂದೆಯವರದು ಚಪ್ಪಲಿ ಅಂಗಡಿ. ಮಾತಿನಲ್ಲಿ ಚುರುಕು, ವ್ಯಾಪಾರದಲ್ಲಿ ಇನ್ನೂ ಚುರುಕು. ಹೊಸ ಸಂಬಂಧದ ಉಮೇದಿನಲ್ಲಿ ನಾನು ಅವರಿಗೆ, "ಬೀಗರೇ, ನೀವೂ ಬೀಗದ ಷೇರು ತಗೊಳ್ಳಿ, ಇಬ್ಬರೂ ಸೇರಿ ಬೀಗೋಣ" ಎಂದೆ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಮರುದಿನವೇ ಹೋಗಿ ನನಗಿಂತ ನಾಲ್ಕು ಪಟ್ಟು ಷೇರು ಕೊಂಡುಬಂದರು. ಒಂದು ಶ್ಲೇಷೆಗೆ ಅಷ್ಟು ದುಬಾರಿ ಬೆಲೆ ತೆತ್ತ ರಸಿಕರು ಬೇರೆ ಯಾರೂ ಇರಲಾರರು.

ಕೆಲವು ವರ್ಷಗಳ ಮೇಲೆ ತಮ್ಮ ತಂದೆಯವರು ವಿಶ್ರಾಂತಿಗೆ ತೆರಳಿ, ಕುರ್ಚಿಗೆ ತಾವು ಬಂದಿರಿ. ಬಂದ ಕೂಡಲೇ ತಾವು ಮಾಡಿದ ಮೊದಲ ಕೆಲಸವೆಂದರೆ ಕಂಪನಿಯ ಗುರುತಾಗಿದ್ದ ಕೀಲಿಯ ಚಿತ್ರವನ್ನು ತೆಗೆದುಹಾಕಿ, ಅಲ್ಲಿ ಒಂದು ನೀಲಿ ದುಂಡು ಬರೆಸಿದ್ದು. ಅದು ನಂಬಿಕೆಯ ಸಂಕೇತವೆಂದು ವರದಿಯಲ್ಲಿ ಎರಡು ಪುಟ ವಿವರಣೆಯಿತ್ತು. ನನ್ನ ಮೊಮ್ಮಗಳು ಅದನ್ನು ನೋಡಿ, "ತಾತ, ಇದು ಅಂಗಿ ಗುಂಡಿ ಮಾಡೋ ಕಂಪನಿನಾ?" ಎಂದು ಕೇಳಿದಳು. ಮಕ್ಕಳಿಗೆ ದೂರದೃಷ್ಟಿ ಇರುವುದಿಲ್ಲ ಎಂದು ಸುಮ್ಮನಾದೆ. ಬಳಿಕ ತಾವು, 'ನಾವು ಬೀಗ ಮಾರುವುದಿಲ್ಲ, ನೆಮ್ಮದಿ ನೀಡುತ್ತೇವೆ' ಎಂದು ಪತ್ರಿಕೆಗಳಲ್ಲಿ ಘೋಷಿಸಿದಿರಿ. ಆ ಘೋಷಣೆಯ ಮೊದಲ ಅರ್ಧವನ್ನು ತಾವು ಎಷ್ಟು ನಿಷ್ಠೆಯಿಂದ ಪಾಲಿಸಿದಿರೆಂಬುದಕ್ಕೆ ಮಾರಾಟದ ಅಂಕಿಗಳೇ ಸಾಕ್ಷಿ. ಹಿಂದೆ ತೆಳ್ಳಗಿದ್ದ ವಾರ್ಷಿಕ ವರದಿ ವರ್ಷದಿಂದ ವರ್ಷಕ್ಕೆ ದಪ್ಪಗಾಯಿತು, ಲಾಭಾಂಶ ತೆಳ್ಳಗಾಗುತ್ತ ಬಂದು ಒಂದು ದಿನ ಕಾಣೆಯೇ ಆಯಿತು. ಕಳೆದ ಸಲದ ವರದಿಯಲ್ಲಿ 'ನಷ್ಟ' ಎಂಬ ಪದಕ್ಕಾಗಿ ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಅದರ ಬದಲು 'ಹಿಮ್ಮುಖ ಲಾಭ' ಎಂಬ ಹೊಸ ಪದವಿತ್ತು. ಟೈಪಿಂಗ್ ಮೇಷ್ಟ್ರಾಗಿ ನಾನು ತಮ್ಮ ಪದಸಂಪತ್ತಿಗೆ ತಲೆಬಾಗುತ್ತೇನೆ. ಸಂಪತ್ತು ಎಂದು ಹೇಳಿಕೊಳ್ಳುವುದಕ್ಕೆ ಕಂಪನಿಯಲ್ಲಿ ಉಳಿದಿರುವುದು ಅದೊಂದೇ.

ಆದರೂ ಷೇರುದಾರನೆಂಬ ಅಭಿಮಾನದಿಂದ ತಮ್ಮ ಹೊಸ ಬೆರಳಚ್ಚಿನ ಬೀಗವನ್ನು ಕೊಂಡು ನಮ್ಮ ಮುಂಬಾಗಿಲಿಗೆ ಹಾಕಿಸಿದೆ. ಬೆರಳಿಟ್ಟರೆ ಬಾಗಿಲು ತೆರೆಯಬೇಕು. ನಾನು ಬೆರಳಿಟ್ಟೆ, ತೆರೆಯಲಿಲ್ಲ. ಒರೆಸಿಟ್ಟೆ, ಒತ್ತಿಟ್ಟೆ, ಒಂದೊಂದಾಗಿ ಹತ್ತೂ ಬೆರಳು ಇಟ್ಟೆ. ನನ್ನವಳು ಕಿಟಕಿಯಿಂದ ನೋಡುತ್ತ, "ರೀ, ಹಾಗೆ ಉಜ್ಜುತ್ತಾ ಇದ್ದರೆ ಬೆರಳೂ ಹೋಗತ್ತೆ, ಬೀಗಾನೂ ಹೋಗತ್ತೆ. ಒಳಗಿಂದ ನಾನೇ ತೆಗೀತೀನಿ, ಸರಿದುಕೊಳ್ಳಿ" ಎಂದಳು. ತಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಒಬ್ಬ ತಾಳ್ಮೆಯ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಟೈಪ್ ಮಾಡಿ ಮಾಡಿ ನಿಮ್ಮ ಬೆರಳಿನ ಗೆರೆ ಸವೆದಿದೆ ಸಾರ್. ಬೀಗ ಸರಿಯಾಗೇ ಇದೆ, ನಿಮ್ಮ ಬೆರಳು ಹಳೇ ಮಾಡೆಲ್ಲು" ಎಂದಳು. ಬದಲಾಯಿಸಿಕೊಡುತ್ತೀರಾ ಎಂದು ಕೇಳಿದೆ. ಬೆರಳಿಗೆ ವಾರಂಟಿ ಇಲ್ಲವೆಂದಳು. ನನ್ನವಳ ಬೆರಳನ್ನೂ ಅದು ಒಪ್ಪಲಿಲ್ಲ. ಅದೇ ಬೀಗ ಒಂದು ದಿನ, ಪತ್ರಿಕೆ ಕೇಳಲು ಬಂದ ಎದುರುಮನೆಯವರ ಮೊಣಕೈ ತಗುಲಿದ್ದಕ್ಕೆ ತಟ್ಟನೆ ತೆರೆದುಕೊಂಡಿತು. ಅಂದಿನಿಂದ ನಾವು ಗಂಡ ಹೆಂಡತಿ ಇಬ್ಬರೂ ಹೊರಗೆ ಹೋಗಿ ಬಂದರೆ ಅವರ ಮೊಣಕೈಯನ್ನು ಕರೆಯುತ್ತೇವೆ. ಅವರು ಊರಿಗೆ ಹೊರಟರೆ ನಾವು ಮನೆಯಲ್ಲೇ ಇರುತ್ತೇವೆ.

ಇದನ್ನೆಲ್ಲ ನಾನು ನಗುತ್ತಲೇ ಸಹಿಸಿದೆ. ಸಹಿಸಲಾಗದೆ ಹೋದದ್ದು ನಮ್ಮ ಬೀಗರ ಮೌನ. ಷೇರು ಇಳಿಯುತ್ತ ಹೋದ ಹಾಗೆ ಅವರ ಮಾತೂ ಇಳಿಯಿತು. ಮೊದಲು ನಮ್ಮ ಮನೆಗೆ ಬರುವುದು ನಿಂತಿತು, ಆಮೇಲೆ ಫೋನು ನಿಂತಿತು, ಕೊನೆಗೆ ಮೊಮ್ಮಗಳು ರಜೆಗೆ ಬಂದು ನಮ್ಮಲ್ಲಿ ಉಳಿಯುವುದೂ ಏನೇನೋ ನೆಪದಲ್ಲಿ ನಿಂತಿತು. ನಿಲ್ಲದೆ ಇದ್ದದ್ದು ಒಂದೇ. ದಿನವೂ ಬೆಳಗ್ಗೆ ಬೀಗರು ನನ್ನ ಮಗಳ ಕೈಲಿ ಷೇರಿನ ಬೆಲೆ ಹೇಳಿ ಕಳಿಸುತ್ತಿದ್ದರು. "ಅಪ್ಪಾ, ಮಾವ ಹೇಳು ಅಂದ್ರು, ಇವತ್ತೂ ಬಿದ್ದಿದೆಯಂತೆ" ಎಂದು ಅವಳು ಫೋನಿನಲ್ಲಿ ಹೇಳುವುದು, "ಬಿದ್ದಿದೆಯಾ?" ಎಂದು ನಾನು ಕೇಳುವುದು, ಅಡುಗೆಮನೆಯಿಂದ ನನ್ನವಳು "ಯಾರು ಬಿದ್ದರು? ಎಲ್ಲಿ ಬಿದ್ದರು?" ಎಂದು ಓಡಿ ಬರುವುದು, ಹೀಗೇ ನಮ್ಮ ಬೆಳಗು ಹರಿಯುತ್ತಿತ್ತು. ಒಂದು ದಿನ ಮಗಳ ದನಿ ಬೇರೆಯಾಗಿತ್ತು. "ಅಪ್ಪಾ, ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದೀನಾ, ಇಲ್ಲ ವಾರ್ತೆ ಓದೋಕೆ ಬಂದಿದ್ದೀನಾ? ನಿಮ್ಮಿಬ್ಬರ ನಡುವೆ ನನಗೆ ಸಾಕಾಗಿಹೋಗಿದೆ. ಮೀಟಿಂಗ್ ಇದೆಯಂತಲ್ಲ, ಇಬ್ಬರೂ ಒಟ್ಟಿಗೆ ಹೋಗಿ. ಬೈಯೋದಿದ್ದರೆ ಆ ಕಂಪನಿಯವರನ್ನ ಬೈದು ಬನ್ನಿ" ಎಂದು ಹೇಳಿ ಫೋನ್ ಇಟ್ಟಳು. ಅತ್ತಳೋ ಏನೋ, ನನಗೆ ತಿಳಿಯಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೀಗೆ, ಮಾನ್ಯರೇ, ನಾವು ತಮ್ಮ ವಾರ್ಷಿಕ ಸಭೆಗೆ ಹೊರಟೆವು. ಬೀಗಿತ್ತಿಯವರೂ ಜೊತೆಗೆ ಬಂದರು. ಅವರ ಹೆಸರಿನಲ್ಲಿ ಷೇರಿಲ್ಲ. "ದಾರೀಲಿ ಇವರಿಬ್ಬರಿಗೂ ಹತ್ತಿಕೊಂಡರೆ ಬಿಡಿಸೋಕೆ ಯಾರಾದ್ರೂ ಬೇಕಲ್ಲ" ಎಂದು ನನ್ನವಳಿಗೆ ಹೇಳಿ ಬಂದಿದ್ದರಂತೆ. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಅವರು ನಡುವೆ ಕುಳಿತರು. ಬೀಗರು ಕಿಟಕಿಯಾಚೆ ನೋಡಿದರು, ನಾನು ಕಂಡಕ್ಟರನ್ನು ನೋಡಿದೆ. ಇಡೀ ದಾರಿಯಲ್ಲಿ ಬೀಗರು ಆಡಿದ ಒಂದೇ ಮಾತು, "ಆ ಗಾಜು ಮುಚ್ಚೋಕೆ ಹೇಳು ಅವರಿಗೆ." ಗಾಜು ಇದ್ದದ್ದು ಅವರ ಕಡೆಯೇ.

ತಮ್ಮ ಪ್ರಧಾನ ಕಚೇರಿ ನೋಡಿ ಕಣ್ಣು ತುಂಬಿಬಂತು. ಎಲ್ಲೆಲ್ಲೂ ಗಾಜು. ಬೀಗ ಮಾಡುವವರ ಮನೆಯಲ್ಲಿ ಬೀಗ ಹಾಕಲು ಒಂದು ಮರದ ಬಾಗಿಲೂ ಇಲ್ಲದಂಥ ನಿರ್ಭಯ ವಾತಾವರಣ. ಕೆಳಗಡೆ ಇದ್ದ ಕಾವಲುಗಾರ ಬೀಗಿತ್ತಿಯವರನ್ನು ತಡೆದು, "ಷೇರುದಾರರಿಗೆ ಮಾತ್ರ ಅಮ್ಮಾ" ಎಂದು ಸೋಫಾ ತೋರಿಸಿದ. ಅವರು ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾವಿಬ್ಬರೂ ಮೂರನೆಯ ಮಹಡಿಯ ಸಭಾಂಗಣಕ್ಕೆ ಹೋಗಿ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕುಳಿತೆವು. ವೆಚ್ಚ ಕಡಿತದ ಅಂಗವಾಗಿ ಔಷಧಿ ಕುಡಿಯುವ ಅಳತೆಯ ಲೋಟದಲ್ಲಿ ಚಹಾ ಬಂತು. ವೇದಿಕೆಯ ಮೇಲಿನ ಹೊಸ ಚರ್ಮದ ಕುರ್ಚಿಗಳನ್ನು ನೋಡಿದ ಮೇಲೆ, ಕಡಿತ ಎಲ್ಲಿಂದ ಶುರುವಾಗಿದೆ ಎಂಬುದು ಎಲ್ಲರಿಗೂ ಅರ್ಥವಾಯಿತು.

ಸಭೆಯ ಮುಂದಿದ್ದ ನಿರ್ಣಯಗಳು ಮೂರು. ಹಿತ್ತಾಳೆ ಬೀಗದ ಹಳೆಯ ಕಾರ್ಖಾನೆಯನ್ನು ಮುಚ್ಚುವುದು, 'ಬುದ್ಧಿವಂತ ಬೀಗ' ಎಂಬ ಹೊಸ ಮಾದರಿಗಾಗಿ ದೊಡ್ಡ ಸಾಲ ತೆಗೆಯುವುದು, ಇಷ್ಟೆಲ್ಲ ಮಾಡುವುದಕ್ಕಾಗಿ ತಮ್ಮ ಸಂಬಳ ಏರಿಸುವುದು. ಮತಕ್ಕೆ ಹಾಕುವ ಮುನ್ನ ಬುದ್ಧಿವಂತ ಬೀಗದ ಪ್ರಾತ್ಯಕ್ಷಿಕೆ ಇರುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. ವೇದಿಕೆಯ ಪಕ್ಕದ, ಆ ಕಟ್ಟಡದಲ್ಲಿ ಗಾಜಿಲ್ಲದ ಒಂದೇ ಕೋಣೆಯ ಬಾಗಿಲಿಗೆ ಆ ಬೀಗ ಹಾಕಲಾಗಿತ್ತು. ತಾವು, ಹಣಕಾಸು ಮುಖ್ಯಸ್ಥರು ಮತ್ತು ಉಳಿದ ನಿರ್ದೇಶಕರೆಲ್ಲ ಕೈಬೀಸುತ್ತ ಒಳಗೆ ಹೋಗಿ ಬಾಗಿಲು ಎಳೆದುಕೊಂಡಿರಿ. ಕೆಂಪು ದೀಪ ಹತ್ತಿತು, 'ಭದ್ರವಾಗಿದೆ' ಎಂಬ ಅಕ್ಷರಗಳು ಮೂಡಿದವು. ಇನ್ನು ತಾವು ಒಳಗಿನಿಂದ ಬೆರಳಿಟ್ಟು, ಬಾಗಿಲು ತೆರೆದು, ಚಪ್ಪಾಳೆಯ ನಡುವೆ ಹೊರಬರುವುದೊಂದೇ ಬಾಕಿ.

ತಾವು ಬರಲಿಲ್ಲ.

ತಮ್ಮ ಅಂಗಿಯ ಕಾಲರಿಗೆ ಸಿಕ್ಕಿಸಿದ್ದ ಮೈಕು ಚಾಲೂ ಇತ್ತೆಂಬುದನ್ನು ತಾವು ಮರೆತಿದ್ದಿರಿ. ಆದ್ದರಿಂದ ತಮ್ಮ ಆಡಳಿತ ಮಂಡಳಿಯ ಕಲಾಪವನ್ನು ಸಾಮಾನ್ಯ ಷೇರುದಾರರು ಮೊಟ್ಟಮೊದಲ ಬಾರಿಗೆ ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಕೇಳುವಂತಾಯಿತು. "ಬೆರಳು ಒರೆಸ್ಕೊಂಡು ಇಡಿ ಸಾರ್" ಎಂದು ಯಾರೋ ಹೇಳಿದರು. "ಒರೆಸಿದ್ದಾಯ್ತು ಕಣ್ರೀ, ಅದು ನನ್ನ ಗುರುತೇ ಹಿಡೀತಾ ಇಲ್ಲ" ಎಂದಿರಿ ತಾವು. ಹಿಡಿಕೆ ತಿರುಗಿಸಿ ನೋಡೋಣವೆಂದು ಒಬ್ಬ ಹಿರಿಯ ನಿರ್ದೇಶಕರು ಸೂಚಿಸಿದರು. ಟಪ್ ಎಂಬ ಸದ್ದಾಯಿತು. "ಸಾರ್, ಹಿಡಿಕೆ ಕೈಗೆ ಬಂತು." ಅದರ ಹಿಂದೆಯೇ ಹಣಕಾಸು ಮುಖ್ಯಸ್ಥರ ನಿಟ್ಟುಸಿರು ಕೇಳಿಸಿತು. "ಪುಣ್ಯಕ್ಕೆ ನಮ್ಮ ಮನೆಗೆ ಇದನ್ನ ಹಾಕಿಸಿಲ್ಲ." ತಮ್ಮ ದನಿ ಗಟ್ಟಿಯಾಯಿತು. "ಮತ್ತೆ ಯಾವುದು ಹಾಕಿಸಿದ್ದೀರಿ?" ಅವರು ತಗ್ಗಿದ ದನಿಯಲ್ಲಿ, "ಹಳೇ ಹಿತ್ತಾಳೆದು ಸಾರ್, ಹುಡುಕಿ ತಂದೆ. ನಿಮ್ಮ ಮನೇಲಿ ಯಾವುದಿದೆ?" ಎಂದರು. ಅದಕ್ಕೆ ತಾವು ಕೊಟ್ಟ ಉತ್ತರ ಕಂಪನಿಯ ಚರಿತ್ರೆಯಲ್ಲಿ ಉಳಿಯತಕ್ಕದ್ದು. "ನಾನು ನಾಯಿ ಸಾಕಿದ್ದೀನಿ."

ಸಭಾಂಗಣದಲ್ಲಿ ಎದ್ದ ನಗೆ ತಮಗೆ ಕೇಳಿಸದೆ ಇದ್ದದ್ದು ಆ ಕೋಣೆಯ ಗೋಡೆಗಳ ಗುಣ. ಹೊರಗೆ ಉಳಿದಿದ್ದ ತಾಂತ್ರಿಕ ಮುಖ್ಯಸ್ಥರು ಬಾಗಿಲ ಮುಂದೆ ಕೈಚಾಚಿ ನಿಂತು, "ಯಾರೂ ಮುಟ್ಟಬೇಡಿ. ಬೇರೆ ಕೈ ಬಿದ್ದರೆ ಬೀಗ ಮುನಿಸಿಕೊಳ್ಳತ್ತೆ, ಆಮೇಲೆ ಯಾರಿಗೂ ತೆಗೆಯಲ್ಲ" ಎಂದು ಎಚ್ಚರಿಸಿದರು. ಮೊಬೈಲಿನಲ್ಲಿ ಏನೇನೋ ಒತ್ತಿದರು. ಬೀಗ ಸದ್ಯ ಹೊಸ ಪಾಠ ಕಲಿಯುತ್ತಿದೆ, ಕಲಿತು ಮುಗಿಯುವ ತನಕ ಕಾಯಬೇಕು ಎಂದರು. ಸಭೆಯಲ್ಲಿದ್ದ ಕೆಲವರಿಗೆ ಈ ಬೀಗದ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು, ಕಂಪನಿಯಲ್ಲಿ ಒಬ್ಬರಾದರೂ ಕಲಿಯುತ್ತಿದ್ದಾರಲ್ಲ ಎಂದು.

ಆಗಲೇ ನಮ್ಮ ಬೀಗರು ಎದ್ದು ನಿಂತದ್ದು. ಷೇರುದಾರರ ಪ್ರಶ್ನೆಗಾಗಿ ಇಟ್ಟಿದ್ದ, ಯಾವ ವರ್ಷವೂ ಯಾರ ಕೈಗೂ ಸಿಗದಿದ್ದ ಮೈಕನ್ನು ಎತ್ತಿಕೊಂಡು ನೇರವಾಗಿ ಬಾಗಿಲ ಬಳಿ ಹೋಗಿ, ಅದಕ್ಕೇ ಬಾಯಿ ಹಚ್ಚಿದರು. "ಅಧ್ಯಕ್ಷರೇ, ನಾನು ಷೇರುದಾರ. ನೀವು ಒಳಗೆ ಮಾತಾಡ್ತಿರೋದೆಲ್ಲ ಇಲ್ಲಿ ಎಲ್ಲರಿಗೂ ಕೇಳಿಸ್ತಾ ಇದೆ. ಹೇಗೂ ನೀವೂ ಕೂತಿದ್ದೀರಿ, ನಾವೂ ಕೂತಿದ್ದೀವಿ. ಒಂದೆರಡು ಪ್ರಶ್ನೆ ಕೇಳೋಣವಾ?" ಎಂದರು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಪ್ರಶ್ನೆಗಳನ್ನು ಲಿಖಿತವಾಗಿ ಕಳಿಸಬಹುದೆಂದು ತಾವು ಹೇಳಿದಿರಿ. "ಬಾಗಿಲ ಕೆಳಗೆ ಸಂದಿ ಇಲ್ಲವಲ್ಲ ಸಾರ್, ಕಾಗದ ತೂರಲ್ಲ" ಎಂದರು ಬೀಗರು. ಹಾಗೆ ಪ್ರಶ್ನೋತ್ತರ ಶುರುವಾಯಿತು.

ತಮ್ಮ ಸಂಬಳದ ಏರಿಕೆಯ ವಿಷಯವನ್ನೇ ಬೀಗರು ಮೊದಲು ಎತ್ತಿಕೊಂಡರು. ಅಂಗಡಿಯಲ್ಲಿ ಗಿರಾಕಿಗಳೊಂದಿಗೆ ಮಾತಾಡಿ ಪಳಗಿದ ಬಾಯಿ. "ಇಷ್ಟು ದುಬಾರಿ ಯಾಕೆ ಹೇಳ್ತೀರಿ? ಇಷ್ಟು ವರ್ಷ ಉಪಯೋಗಿಸಿದ್ದೀವಿ, ಒಂದು ದಿನ ಬಾಳಿಕೆ ಬಂದಿಲ್ಲ. ಕೊನೇ ಮಾತು ಹೇಳಿ" ಎಂದರು. ತಾವು ಏರಿಕೆಯನ್ನು ಅರ್ಧಕ್ಕೆ ಇಳಿಸಿದಿರಿ. ಬೀಗರು ಹಾಗಾದರೆ ಬೇಡ ಎಂದು ಎರಡು ಹೆಜ್ಜೆ ಹಿಂದೆ ಹೋದರು. ಒಳಗಿನಿಂದ ತಾವು, "ಹೋಗಬೇಡಿ, ಹೋಗಬೇಡಿ, ಏರಿಕೆ ಬಿಟ್ಟುಬಿಡೋಣ" ಎಂದು ಕೂಗಿದಿರಿ. ಮುಂದಿನದು ಹಿತ್ತಾಳೆ ಕಾರ್ಖಾನೆ. ಮುಚ್ಚುವುದಿಲ್ಲವೆಂದು ಮಾತುಕೊಟ್ಟಿರಿ. ಹಣಕಾಸು ಮುಖ್ಯಸ್ಥರು ಹಿಂದಿನಿಂದ, "ನಾನು ಮೊದಲೇ ಹೇಳಿದ್ದೆ" ಎಂದದ್ದೂ ಕೇಳಿಸಿತು.

ಆಮೇಲೆ ಬೀಗರು ತಿರುಗಿ, ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ, ಮೈಕನ್ನು ನನ್ನ ಕಡೆ ಚಾಚಿದರು. "ಬೀಗರೇ, ನೀವೂ ಏನಾದ್ರೂ ಕೇಳಿ." ಮಾನ್ಯರೇ, ನಾನು ಬರೆದುಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಆ ಕ್ಷಣಕ್ಕೆ ಮರೆತೇಹೋದವು. ಬಾಗಿಲ ಬಳಿ ಹೋಗಿ ನಿಂತಾಗ ಬಾಯಿಗೆ ಬಂದದ್ದು ಒಂದೇ. "ಅಧ್ಯಕ್ಷರೇ, ದಯವಿಟ್ಟು 'ನಷ್ಟ' ಅನ್ನೋ ಪದವನ್ನ ಒಂದು ಸಲ ಹೇಳಿ" ಎಂದೆ. ತಾವು 'ಸವಾಲು' ಎಂದಿರಿ. ನಾನು ಶಾಲೆಯಲ್ಲಿ ಕಲಿಸುವ ಹಾಗೆ, ಅವಸರ ಬೇಡ, ಮತ್ತೊಮ್ಮೆ ಪ್ರಯತ್ನಿಸಿ ಎಂದೆ. 'ಪರಿವರ್ತನೆಯ ಕಾಲ' ಎಂದಿರಿ. ಇನ್ನೊಮ್ಮೆ ಎಂದೆ. ಒಳಗೆ ಯಾರೋ ಪಿಸುಗುಟ್ಟಿದರು, ತಾವು ಗಂಟಲು ಸರಿಮಾಡಿಕೊಂಡಿರಿ, ಆಮೇಲೆ ನಾಲ್ಕೂ ಸ್ಪೀಕರುಗಳಲ್ಲಿ ಶುದ್ಧವಾಗಿ, ಒತ್ತಕ್ಷರ ಸಮೇತ ಬಂತು: "ನಷ್ಟ." ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ದಾದಿಯೊಬ್ಬರು ಕಣ್ಣೊರೆಸಿಕೊಂಡು, "ಪಾಪ, ಎಷ್ಟು ಸ್ಪಷ್ಟವಾಗಿ ಹೇಳಿದರು" ಎಂದರು.

ಆ ಹೊತ್ತಿಗೇ ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ ಔಷಧಿ ಅಂಗಡಿಯವರು, "ಏರ್ತಾ ಇದೆ ಕಣ್ರೀ" ಎಂದು ಎದ್ದುನಿಂತರು. ಏನಾಗಿತ್ತೆಂದರೆ, ಸಭೆಯಲ್ಲಿದ್ದವರು ಯಾರೋ ತಮ್ಮ ಗೆಳೆಯರಿಗೆ 'ಬೀಗದ ಕಂಪನಿಯ ಅಧ್ಯಕ್ಷರು ಒಳಗೆ' ಎಂದು ಸಂದೇಶ ಕಳಿಸಿದ್ದರು. 'ಒಳಗೆ' ಎಂಬುದನ್ನು ಪೇಟೆಯ ಜನ ತಮ್ಮ ಅನುಭವಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡರು. ಅಂತೂ ಇಡೀ ಆಡಳಿತ ಮಂಡಳಿಯೇ ಒಳಗೆ ಹೋಯಿತಂತೆ, ಇನ್ನು ಈ ಕಂಪನಿಗೆ ಒಳ್ಳೆಯ ಕಾಲ ಬಂತೆಂದು ಜನ ಮುಗಿಬಿದ್ದು ಷೇರು ಕೊಳ್ಳತೊಡಗಿದರು. ತಮ್ಮ ಆಡಳಿತದ ಅವಧಿಯಲ್ಲಿ ಷೇರು ಒಂದೇ ಸಮನೆ ಏರಿದ್ದು ಅದೇ ಮೊದಲು. ನಮ್ಮ ಬೀಗರ ಮುಖ ಅರಳಿದ್ದನ್ನು ನಾನು ಮದುವೆಯ ದಿನದ ನಂತರ ಅಂದೇ ನೋಡಿದ್ದು. ಸಭಾಂಗಣದಲ್ಲಿ ಯಾರಿಗೂ ಬಾಗಿಲು ತೆರೆಯುವ ಅವಸರ ಉಳಿಯಲಿಲ್ಲ. ತಾಂತ್ರಿಕ ಮುಖ್ಯಸ್ಥರಿಗೆ ಜನ, "ನಿಧಾನವಾಗಿ ಮಾಡಿ, ಬೀಗ ಚೆನ್ನಾಗಿ ಕಲೀಲಿ" ಎಂದು ಧೈರ್ಯ ತುಂಬಿದರು.

ದುರದೃಷ್ಟವಶಾತ್ ನಮ್ಮ ಬೀಗಿತ್ತಿಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೆಳಗೆ ಸೋಫಾದಲ್ಲಿ ಕುಳಿತು ಕುಳಿತು ಬೇಸತ್ತಿದ್ದರು. ಕಾವಲುಗಾರನೂ ತಮಾಷೆ ನೋಡಲು ಮೇಲೆ ಬಂದಿದ್ದರಿಂದ ತಡೆಯುವವರಿರಲಿಲ್ಲ. ಮೆಟ್ಟಿಲು ಹತ್ತಿ ಬಂದು, ಯಾರನ್ನೂ ಏನೂ ಕೇಳದೆ, "ಸ್ವಲ್ಪ ದಾರಿ ಬಿಡಿಪ್ಪಾ" ಎಂದು ಗುಂಪನ್ನು ಸರಿಸಿ, ತಾಂತ್ರಿಕ ಮುಖ್ಯಸ್ಥರ ಚಾಚಿದ ಕೈಯ ಕೆಳಗೆ ನುಸುಳಿ, ಬಾಗಿಲ ಹಿಡಿಕೆಯನ್ನು ತಿರುಗಿಸಿದರು. ಬಾಗಿಲು ತೆರೆಯಿತು. ಒಳಗೆ ತಾವೆಲ್ಲ ಕೋಟು ಕಳಚಿ, ಟೈ ಸಡಿಲಿಸಿ ಕುಳಿತಿದ್ದಿರಿ. ಬೀಗಿತ್ತಿಯವರು, "ಅಯ್ಯೋ, ಇದು ಗಂಡಸರದ್ದಾ" ಎಂದು ತಟ್ಟನೆ ಬಾಗಿಲು ಎಳೆದುಕೊಂಡು, ಹೆಂಗಸರ ಶೌಚಾಲಯ ಎಲ್ಲಿದೆ ಎಂದು ಕಂಪನಿ ಕಾರ್ಯದರ್ಶಿಯನ್ನು ಕೇಳಿದರು.

ಬೀಗ ಆರಂಭದಿಂದಲೂ ಬಿದ್ದೇ ಇರಲಿಲ್ಲ. ಬಾಗಿಲ ಮೇಲೆ ಕೆಂಪು ದೀಪ ಮಾತ್ರ ಆಗಲೂ 'ಭದ್ರವಾಗಿದೆ' ಎನ್ನುತ್ತಿತ್ತು.

ಎರಡನೆಯ ಬಾರಿ ಬಾಗಿಲು ತೆರೆದದ್ದೂ ಬೀಗಿತ್ತಿಯವರೇ, ಕಾರ್ಯದರ್ಶಿಯವರು ವಿನಂತಿಸಿಕೊಂಡ ಮೇಲೆ. ತಾವು ಟೈ ಸರಿಮಾಡಿಕೊಂಡು ಹೊರಬಂದು, ಪ್ರಾತ್ಯಕ್ಷಿಕೆ ಯಶಸ್ವಿಯಾಗಿದೆ ಎಂದಿರಿ. ತಮ್ಮ ಧೈರ್ಯವನ್ನು ನಾನು ಮನಸಾರೆ ಮೆಚ್ಚಿಕೊಂಡೆ. ಅದರ ಹಿಂದೆಯೇ, ಒಳಗಿದ್ದಾಗ ಆಡಿದ ಮಾತುಗಳು ಸಭೆಯ ಮಾತುಗಳಲ್ಲ, ಆಗ ಸಭೆ ವಿಧಿವತ್ತಾಗಿ ಆರಂಭವೇ ಆಗಿರಲಿಲ್ಲ ಎಂದೂ ತಿಳಿಸಿದಿರಿ. ಔಷಧಿ ಅಂಗಡಿಯವರು ಮೊಬೈಲ್ ನೋಡಿ ಕುಸಿದು ಕುಳಿತರು. ಅಧ್ಯಕ್ಷರು ಹೊರಗೆ ಬಂದರೆಂಬ ಸುದ್ದಿ ಪೇಟೆಗೆ ಮುಟ್ಟಿತ್ತು. ದೊಡ್ಡ ಷೇರುದಾರರ ಮತಗಳು ಮೊದಲೇ ಅಂಚೆಯಲ್ಲಿ ಬಂದಿದ್ದವಾದ್ದರಿಂದ ಸಾಲವೂ ಸಂಬಳವೂ ನಮ್ಮ ಕೂಗಾಟದ ನಡುವೆಯೇ ಪಾಸಾದವು. ತಮಗೆ ಹಸಿವಾಗಿದ್ದ ಕಾರಣ ಹಿತ್ತಾಳೆ ಕಾರ್ಖಾನೆಯ ನಿರ್ಣಯ ಮಾತ್ರ ಮುಂದಿನ ತಿಂಗಳ ವಿಶೇಷ ಸಭೆಗೆ ಹೋಯಿತು. ಆ ಹಸಿವಿಗೆ ಕಾರ್ಖಾನೆಯ ಕೆಲಸಗಾರರೆಲ್ಲರ ಪರವಾಗಿ ಧನ್ಯವಾದಗಳು.

ನಾವು ಸೋತು ಹೊರಬಂದೆವು. ಬಸ್ಸಿನಲ್ಲಿ ಬೀಗಿತ್ತಿಯವರು ಈ ಸಲ ಕಿಟಕಿಯ ಪಕ್ಕ ಕುಳಿತು ನಿದ್ದೆ ಹೋದರು. ನಾವು ಗಂಡಸರಿಬ್ಬರೂ ಒತ್ತೊತ್ತಿಗೆ ಕೂರಬೇಕಾಯಿತು. ಬಸ್ಸು ಊರು ದಾಟಿತು. ಆಮೇಲೆ ಬೀಗರು ನನ್ನ ಕಡೆ ನೋಡದೆಯೇ, "ಅಲ್ಲ ಬೀಗರೇ, ಅವರ ಬಾಯಲ್ಲಿ 'ನಷ್ಟ' ಅನ್ನಿಸಿದ್ರಲ್ಲ, ಅದೊಂದಕ್ಕೆ ನನ್ನ ದುಡ್ಡು ಬಂದ ಹಾಗಾಯ್ತು" ಎಂದರು. ನಾನು, "ನಿಮ್ಮ ಚೌಕಾಸಿ ಮುಂದೆ ಅದೇನು ಮಹಾ" ಎಂದೆ. ಅವರ ಭುಜ ಕುಲುಕತೊಡಗಿತು. ಮೊದಲು ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. "ನಾಯಿ ಸಾಕಿದ್ದೀನಿ ಅಂತಾನಲ್ರೀ" ಎಂದು ಅವರು, "ಇದು ಗಂಡಸರದ್ದಾ ಅಂದ್ರಲ್ಲ ನಿಮ್ಮವರು" ಎಂದು ನಾನು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ಹೊತ್ತಿಗೆ ಸರಿಯಾಗಿ ಮಗಳ ಫೋನ್ ಬಂತು. ಇಬ್ಬರ ನಗೆಯನ್ನೂ ಕೇಳಿ ಅವಳು ಗಾಬರಿಯಾಗಿ, "ಅಪ್ಪಾ, ನೀವಿಬ್ಬರೂ ಕುಡಿದಿದ್ದೀರಾ?" ಎಂದಳು. ಬೀಗರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಇಲ್ಲಮ್ಮಾ, ಮಗೂನ ಈ ರಜೆಗೆ ತಾತನ ಮನೆಗೆ ಕಳಿಸೋಣ, ಬಟ್ಟೆ ಜೋಡಿಸಿಡು" ಎಂದರು. ಹೇಳಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. ಈ ಸಲ ಅವಳು ಅಳುತ್ತಿರುವುದು ನನಗೆ ತಿಳಿಯಿತು.

ಆದ್ದರಿಂದ, ಮಾನ್ಯರೇ, ತಮ್ಮ ಮೇಲೆ ನನಗೀಗ ವೈಯಕ್ತಿಕವಾಗಿ ಯಾವ ಮುನಿಸೂ ಇಲ್ಲ. ನನ್ನ ಅರಿಕೆ ಕೇವಲ ಕಂಪನಿಯ ಹಿತಕ್ಕಾಗಿ. ತಾವು ಹೊರಗಿದ್ದರೆ ಷೇರು ಇಳಿಯುತ್ತದೆ, ಒಳಗಿದ್ದರೆ ಏರುತ್ತದೆ ಎಂಬುದು ಈಗ ಅನುಮಾನಕ್ಕೆ ಎಡೆಯಿಲ್ಲದೆ ಸಾಬೀತಾಗಿದೆ. ಇಷ್ಟು ಸುಲಭದ, ಇಷ್ಟು ಅಗ್ಗದ, ಬ್ಯಾಂಕಿನ ಸಾಲವೇ ಬೇಡದ ಯೋಜನೆಯೊಂದು ಕಣ್ಣೆದುರಿಗಿರುವಾಗ ತಾವು ಬೇರೆ ಯೋಜನೆಗಳಿಗಾಗಿ ಏಕೆ ದಣಿಯಬೇಕು? ಷೇರು ಪೇಟೆ ತೆರೆದಿರುವಷ್ಟು ಹೊತ್ತು, ವಾರದ ಐದೂ ದಿನ, ತಾವು ಆಡಳಿತ ಮಂಡಳಿ ಸಮೇತ ಆ ಕೋಣೆಯಲ್ಲಿ ವಿರಾಜಮಾನರಾಗಿರಬೇಕೆಂದು ಸಮಸ್ತ ಸಣ್ಣ ಷೇರುದಾರರ ಪರವಾಗಿ ಬೇಡಿಕೊಳ್ಳುತ್ತೇನೆ. ಚರ್ಮದ ಕುರ್ಚಿಗಳನ್ನು ಒಳಗೆ ಹಾಕಿಸೋಣ, ಒಂದು ಕಿಟಕಿಯನ್ನೂ ಇಡಿಸೋಣ, ದೊಡ್ಡ ಲೋಟದಲ್ಲಿ ಚಹಾ ಕೊಡಿಸೋಣ. ಒಂಟಿತನ ಕಾಡಿದರೆ ನಾಯಿಗಳನ್ನೂ ಕರೆತರಬಹುದು. ಬೇಸರ ಕಳೆಯಲು ದಿನಕ್ಕೊಬ್ಬ ಷೇರುದಾರರು ಬಂದು ಬಾಗಿಲ ಹೊರಗೆ ಕುಳಿತು ಪ್ರಶ್ನೆ ಕೇಳುತ್ತಾರೆ. ಹೊರಗೆ ಹಾಕುವ ಬೀಗದ ವಿಷಯದಲ್ಲಿ ಮಾತ್ರ ಒಂದು ಸಣ್ಣ ಬದಲಾವಣೆ ಬೇಕಾಗುತ್ತದೆ. ಬುದ್ಧಿವಂತ ಬೀಗ ಇನ್ನೂ ಕಲಿಯುತ್ತಿರುವುದರಿಂದ ಅದನ್ನು ತೊಂದರೆಪಡಿಸುವುದು ಬೇಡ. ಹಿತ್ತಾಳೆ ಕಾರ್ಖಾನೆಯವರು ಈ ಕೆಲಸಕ್ಕೆಂದೇ ಒಂದು ಬೀಗವನ್ನು ಉಚಿತವಾಗಿ, ಬಹಳ ಉತ್ಸಾಹದಿಂದ ಮಾಡಿಕೊಡಲು ಒಪ್ಪಿದ್ದಾರೆ.

ಮುಂದಿನ ತಿಂಗಳ ವಿಶೇಷ ಸಭೆಯಿಂದಲೇ ಈ ಏರ್ಪಾಡು ಜಾರಿಗೆ ಬಂದರೆ ಬಹಳ ಉಪಕಾರವಾಗುತ್ತದೆ. ತಮ್ಮ ಅಮೂಲ್ಯ ಉತ್ತರವನ್ನು ಎದುರುನೋಡುತ್ತ,

ಬಾಗಿಲಿನ ಈಚೆಯಿಂದ,
ತಮ್ಮ ವಿಶ್ವಾಸಿ,
ಸವೆದ ಬೆರಳಿನ ಸಣ್ಣ ಷೇರುದಾರ

ಮರೆತ ಮಾತು: ನಮ್ಮ ಬೀಗಿತ್ತಿಯವರ ಹೆಸರಿಗೆ ಬೀಗರು ಈಚೆಗೆ ಕೆಲವು ಷೇರುಗಳನ್ನು ವರ್ಗಾಯಿಸಿದ್ದಾರೆ. ಅವರು ಮುಂದಿನ ಸಭೆಯಲ್ಲಿ ನಿರ್ದೇಶಕರ ಸ್ಥಾನಕ್ಕೆ ನಿಲ್ಲುತ್ತಿದ್ದು, ಅರ್ಜಿಯನ್ನು ನಾನೇ ಟೈಪ್ ಮಾಡಿ ಕಳಿಸಿದ್ದೇನೆ. ಹಿಂದಿನ ಅನುಭವವೇನು ಎಂದು ಕೇಳಿದ್ದ ಜಾಗದಲ್ಲಿ ಅವರು ಹೇಳಿ ಬರೆಸಿದ್ದು ಇಷ್ಟೇ: 'ಒಂದು ಸಲ ಗೊತ್ತಿಲ್ಲದೆ ಬಾಗಿಲು ತೆಗೆದಿದ್ದೇನೆ. ಇನ್ನು ತೆಗೆಯುವುದಿಲ್ಲ.'